ವೈದ್ಯರ ಸಮ್ಮೇಳನದಲ್ಲಿ ಸ್ಟಾಲ್ ಹಾಕ್ತೀರಾ, ಸ್ಪಾನ್ಸರ್ ಆಗ್ತೀರಾ? ಹಣ ಕಟ್ಟೋ ಮುಂಚೆ ಅಂಗಡಿಯವರು ತಿಳಿದಿರಬೇಕಾದ ವಿಷಯಗಳು

ದಾವಣಗೆರೆ: ವೈದ್ಯರ ಸಮ್ಮೇಳನ ಅಂದ್ರೆ ಬೆಂಗಳೂರಿನ ಸ್ಟಾರ್ ಹೋಟೆಲ್‌ಗಳಲ್ಲಿ ಮಾತ್ರ ನಡೆಯೋದು ಅನ್ನೋ ಕಾಲ ಹೋಗಿದೆ. ರಾಜ್ಯ ಮಟ್ಟದ ಸಮ್ಮೇಳನಗಳು ಒಂದೊಂದು ವರ್ಷ ಒಂದೊಂದು ಜಿಲ್ಲಾ ಕೇಂದ್ರಕ್ಕೆ ಬರುತ್ತವೆ. 1965ರಲ್ಲಿ ಶುರುವಾದ ಜೆಜೆಎಂ ಮತ್ತು ಆಮೇಲೆ ಬಂದ ಎಸ್.ಎಸ್., ಹೀಗೆ ಎರಡು ಮೆಡಿಕಲ್ ಕಾಲೇಜು ಇರುವ ನಮ್ಮ ಊರಿನಲ್ಲಂತೂ ಕಾರ್ಯಾಗಾರ, ಸಿಎಂಇ, ಸಮ್ಮೇಳನ ಹೊಸದೇನಲ್ಲ. ದಿನಾಂಕ ಗೊತ್ತಾದ ಕೂಡಲೇ ಸರ್ಜಿಕಲ್ ಅಂಗಡಿ, ಮೆಡಿಕಲ್ ಏಜೆನ್ಸಿ, ಯುಪಿಎಸ್ ಡೀಲರ್, ಯೂನಿಫಾರ್ಮ್ ಹೊಲಿಯೋರು, ಕೊನೆಗೆ ಕಾರ್ ಶೋರೂಮ್‌ವರೆಗೂ ಒಂದು ಬ್ರೋಷರ್ ತಲುಪುತ್ತೆ. ಅದರಲ್ಲಿ ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅಂತ ದರಪಟ್ಟಿ ಇರುತ್ತೆ. ಕೆಳಗೆ ಸ್ಟಾಲ್ ದರ.

"ಡಾಕ್ಟ್ರು ಕೇಳಿದಾರೆ, ಇಲ್ಲ ಅನ್ನೋಕಾಗಲ್ಲ" ಅಂತ ಹಣ ಕಟ್ಟೋರು ಇದ್ದಾರೆ. ಲೆಕ್ಕ ಹಾಕಿ, ಕಾಯ್ದೆ ನೋಡಿ ಕಟ್ಟಿದರೆ ಅದೇ ಹಣದಿಂದ ವರ್ಷಗಟ್ಟಲೆ ವ್ಯಾಪಾರ ಬರಬಹುದು. ನೋಡದೆ ಕಟ್ಟಿದರೆ ಹಣವೂ ಹೋಗುತ್ತೆ, ಮೇಲೆ ತೆರಿಗೆ ನೋಟಿಸ್ ಬರುವ ಸಾಧ್ಯತೆಯೂ ಇದೆ. ಜಿಲ್ಲೆಯ ಆರೂ ತಾಲೂಕುಗಳ ವ್ಯಾಪಾರಸ್ಥರಿಗೆ ಉಪಯೋಗ ಆಗಲಿ ಅಂತ ಇಡೀ ವಿಷಯವನ್ನು ಇಲ್ಲಿ ಒಟ್ಟಿಗೆ ಕೊಡ್ತಿದ್ದೇವೆ.

ಯಾರು ನಡೆಸ್ತಾರೆ, ಯಾಕೆ ನಡೆಸ್ತಾರೆ?

ಸಾಮಾನ್ಯವಾಗಿ ಭಾರತೀಯ ವೈದ್ಯಕೀಯ ಸಂಘದ ಶಾಖೆಗಳು ಇಲ್ಲವೇ ತಜ್ಞರ ಸಂಘಗಳು ಇವನ್ನು ನಡೆಸುತ್ತವೆ. ಹೆಸರಿನ ಕೊನೆಯಲ್ಲಿ 'ಕಾನ್' ಅಂತ ಇದ್ದರೆ ಬಹುತೇಕ ತಜ್ಞರ ವಾರ್ಷಿಕ ಸಮ್ಮೇಳನ ಅಂತ ತಿಳ್ಕೊಳ್ಳಿ. ದೇಶ ಮಟ್ಟದಲ್ಲಿ ಮಕ್ಕಳ ತಜ್ಞರದ್ದು ಪೆಡಿಕಾನ್, ಫಿಸಿಶಿಯನ್‌ಗಳದ್ದು ಅಪಿಕಾನ್, ಸರ್ಜನ್‌ಗಳದ್ದು ಅಸಿಕಾನ್. ರಾಜ್ಯ ಶಾಖೆಗಳೂ ಇದೇ ರೀತಿ ಹೆಸರಿಟ್ಟುಕೊಂಡಿವೆ.

ವೈದ್ಯರು ಬರೋದಕ್ಕೆ ಒಂದು ಕಾರಣ ಹೊಸ ಚಿಕಿತ್ಸೆ ಕಲಿಯೋದು. ಇನ್ನೊಂದು ಕಾರಣ ಕ್ರೆಡಿಟ್ ಅವರ್. 2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಮುಂದುವರಿದ ಶಿಕ್ಷಣ ಪಡೆಯಬೇಕು. ಹಾಗಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಅವರ್ ಸಿಕ್ಕಿರುವ ಕಾರ್ಯಕ್ರಮಕ್ಕೆ ಜನ ಹೆಚ್ಚು ಬರ್ತಾರೆ. ಬ್ರೋಷರ್ ಕೈಗೆ ಬಂದಾಗ ಮೊದಲು ಇದನ್ನೇ ನೋಡಿ.

ಪ್ರತಿನಿಧಿಗಳು ಕಟ್ಟುವ ನೋಂದಣಿ ಶುಲ್ಕದಿಂದ ಹಾಲ್ ಬಾಡಿಗೆ, ಊಟ, ಎಲ್‌ಇಡಿ ಪರದೆ, ಉಪನ್ಯಾಸಕರ ಖರ್ಚು ಎಲ್ಲಾ ಏಳೋದು ಕಷ್ಟ. ಆ ಕೊರತೆ ತುಂಬೋದಕ್ಕೇ ಸ್ಟಾಲ್ ಮತ್ತು ಸ್ಪಾನ್ಸರ್. ಅಂದ್ರೆ ಸಂಘಟಕರಿಗೆ ನಿಮ್ಮ ಹಣ ಬೇಕೇ ಬೇಕು. ಮಾತುಕತೆಗೆ ಕೂರುವಾಗ ಇದು ನೆನಪಿರಲಿ. ದರಪಟ್ಟಿ ಅಚ್ಚಾಗಿದೆ ಅಂದ ಮಾತ್ರಕ್ಕೆ ಚೌಕಾಸಿ ಮಾಡಬಾರದು ಅಂತೇನಿಲ್ಲ.

ಸ್ಟಾಲ್ ಬೇರೆ, ಸ್ಪಾನ್ಸರ್ ಬೇರೆ

ಈ ಎರಡನ್ನೂ ಒಂದೇ ಅಂದುಕೊಂಡು ಸಹಿ ಹಾಕೋರು ಬಹಳ. ವ್ಯತ್ಯಾಸ ಹೀಗಿದೆ.

ಸ್ಟಾಲ್ ಅಂದ್ರೆ ಜಾಗಕ್ಕೆ ಬಾಡಿಗೆ. ದೊಡ್ಡ ಸಮ್ಮೇಳನದಲ್ಲಿ ಸಾಮಾನ್ಯ ಅಳತೆ 3 ಮೀಟರ್‌ಗೆ 3 ಮೀಟರ್ ಅಥವಾ 3ಕ್ಕೆ 2. ಮೂರು ಕಡೆ ಪ್ಯಾನೆಲ್ ಗೋಡೆ, ಮೇಲೆ ಹೆಸರಿನ ಪಟ್ಟಿ, ಒಂದು ಟೇಬಲ್, ಎರಡು ಕುರ್ಚಿ, ಲೈಟು, ಒಂದು ಪ್ಲಗ್ ಪಾಯಿಂಟ್ ಕೊಡ್ತಾರೆ. ಬರೀ ಜಾಗ ತಗೊಂಡರೆ ಇದೆಲ್ಲಾ ನಿಮ್ಮದೇ ಖರ್ಚು. ಚಿಕ್ಕ ಸಿಎಂಇಗಳಲ್ಲಿ ಗೋಡೆ ಗೀಡೆ ಇರಲ್ಲ, ಹಾಲ್ ಹೊರಗೆ ಒಂದು ಟೇಬಲ್ ಹಾಕೋ ಜಾಗ ಅಷ್ಟೇ.

ಸ್ಪಾನ್ಸರ್ ಅಂದ್ರೆ ಹೆಸರಿಗೆ ಪ್ರಚಾರ. ಬ್ಯಾಗ್, ಕೊರಳಿಗೆ ಹಾಕೋ ಐಡಿ ಕಾರ್ಡಿನ ಟೇಪು, ಊಟದ ಹಾಲ್, ಟೀ ಕೌಂಟರ್, ಸ್ಮರಣ ಸಂಚಿಕೆ, ವೇದಿಕೆಯ ಹಿಂದಿನ ಪರದೆ, ಇವುಗಳ ಮೇಲೆ ನಿಮ್ಮ ಹೆಸರು ಬರುತ್ತೆ. ದೊಡ್ಡ ಮೊತ್ತಕ್ಕೆ ಒಂದು ಸ್ಟಾಲನ್ನೂ ಸೇರಿಸಿ ಕೊಡ್ತಾರೆ.

ಮೂರನೆಯದು ದೇಣಿಗೆ. ಏನನ್ನೂ ವಾಪಸ್ ಬಯಸದೆ ಕೊಟ್ಟರೆ ಮಾತ್ರ ಅದು ದೇಣಿಗೆ. ಬ್ಯಾನರ್ ಮೇಲೆ ಜಾಹೀರಾತು ಹಾಕಿಸಿಕೊಂಡು ರಸೀದಿಯಲ್ಲಿ 'ದೇಣಿಗೆ' ಅಂತ ಬರೆಸಿಕೊಂಡರೆ ತೆರಿಗೆ ಲೆಕ್ಕದಲ್ಲಿ ತೊಂದರೆ ಆಗುತ್ತೆ. ಕೊಟ್ಟದ್ದು ಯಾವುದಕ್ಕೋ ರಸೀದಿಯೂ ಅದಕ್ಕೇ ಇರಬೇಕು.

ಬ್ರೋಷರ್‌ನಲ್ಲಿ ಏನು ನೋಡಬೇಕು?

ಮುಖಪುಟದ ಬಣ್ಣ ಬಿಡಿ, ಕೊನೆ ಪುಟದ ಸಣ್ಣ ಅಕ್ಷರ ಓದಿ.

ಚೆಕ್ ಯಾರ ಹೆಸರಿಗೆ? ಸಂಘದ ಇಲ್ಲವೇ ಸಮ್ಮೇಳನದ ಹೆಸರಿನ ಬ್ಯಾಂಕ್ ಖಾತೆಗೇ ಇರಬೇಕು. ಯಾರದೋ ವೈಯಕ್ತಿಕ ಖಾತೆಗೆ, ವೈಯಕ್ತಿಕ ಫೋನ್‌ಪೇಗೆ ಹಾಕಿ ಅಂದ್ರೆ ಬೇಡ ಅನ್ನಿ.

ಜಿಎಸ್‌ಟಿ ನಂಬರ್ ಇದೆಯಾ? ದರದ ಮೇಲೆ ಜಿಎಸ್‌ಟಿ ಹಾಕಿದ್ದಾರೆ, ನಂಬರ್ ಮಾತ್ರ ಎಲ್ಲೂ ಇಲ್ಲ ಅಂದ್ರೆ ಆ ತೆರಿಗೆ ಕಟ್ಟಬೇಡಿ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ.

ಸಮ್ಮೇಳನ ಮುಂದಕ್ಕೆ ಹೋದರೆ, ರದ್ದಾದರೆ ಹಣ ಏನಾಗುತ್ತೆ? ಪೂರ್ತಿ ವಾಪಸ್ಸಾ, ಅರ್ಧವಾ, ಮುಂದಿನ ವರ್ಷಕ್ಕೆ ಹೊಂದಿಸ್ತಾರಾ? ಬರವಣಿಗೆಯಲ್ಲಿ ಇಲ್ಲದಿದ್ದರೆ ಕೇಳಿ ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಸ್ಟಾಲ್ ನಂಬರ್ ಯಾವುದು? ಲೇಔಟ್ ನಕ್ಷೆ ಕೇಳಿ. ಬೆಳಗ್ಗೆಯಿಂದ ಉಪನ್ಯಾಸ ನಡೀತಿರುತ್ತೆ, ವೈದ್ಯರು ಹೊರಗೆ ಬರೋದು ಟೀ ಮತ್ತು ಊಟದ ಹೊತ್ತಿಗೆ ಮಾತ್ರ. ಹಾಲ್‌ನಿಂದ ಊಟದ ಜಾಗಕ್ಕೆ ಹೋಗೋ ದಾರಿಯಲ್ಲಿ ಇರೋ ಚಿಕ್ಕ ಸ್ಟಾಲು ಮೂಲೆಯಲ್ಲಿರೋ ದೊಡ್ಡ ಸ್ಟಾಲಿಗಿಂತ ಮೇಲು.

ಎಷ್ಟು ಜನ ಬರ್ತಾರೆ? 'ನಿರೀಕ್ಷಿತ' ಸಂಖ್ಯೆ ಬೇಡ, ಈವರೆಗೆ ಶುಲ್ಕ ಕಟ್ಟಿ ನೋಂದಣಿ ಆದವರು ಎಷ್ಟು ಅಂತ ಕೇಳಿ. ಅದರಲ್ಲಿ ಸ್ವಂತ ಆಸ್ಪತ್ರೆ, ಕ್ಲಿನಿಕ್ ಇರೋರು ಎಷ್ಟು, ಪಿಜಿ ವಿದ್ಯಾರ್ಥಿಗಳು ಎಷ್ಟು ಅನ್ನೋದೂ ಮುಖ್ಯ. ಆಪರೇಷನ್ ಟೇಬಲ್ ಮಾರೋರಿಗೆ ಪಿಜಿ ವಿದ್ಯಾರ್ಥಿ ಗಿರಾಕಿ ಆಗಲ್ಲ. ಪುಸ್ತಕ, ಸ್ಟೆತೋಸ್ಕೋಪ್, ಏಪ್ರನ್ ಮಾರೋರಿಗೆ ಅವರೇ ಗಿರಾಕಿ.

ಇದಲ್ಲದೆ ಸ್ಟಾಲ್‌ನವರಿಗೆ ಎಷ್ಟು ಪಾಸು, ಎಷ್ಟು ಊಟದ ಕೂಪನ್, ಸಾಮಾನು ಇಳಿಸೋಕೆ ಹಿಂದಿನ ದಿನ ಎಷ್ಟು ಗಂಟೆಗೆ ಬಿಡ್ತಾರೆ, ಕರೆಂಟ್ ಎಷ್ಟು ಲೋಡ್‌ವರೆಗೆ ಕೊಡ್ತಾರೆ, ರಾತ್ರಿ ಕಾವಲು ಯಾರದು ಅಂತಲೂ ಕೇಳಿಕೊಳ್ಳಿ.

ಔಷಧಿ, ಉಪಕರಣ ಸ್ಟಾಲ್‌ನಲ್ಲೇ ಮಾರಬಹುದಾ?

ತೋರಿಸಬಹುದು, ಆರ್ಡರ್ ಬರೆದುಕೊಳ್ಳಬಹುದು. ಮಾರೋಕೆ ಹೋಗಬೇಡಿ. ಔಷಧಿ ಮಾರಾಟದ ಲೈಸೆನ್ಸ್ ಕೊಡೋದು ಒಂದು ನಿರ್ದಿಷ್ಟ ಕಟ್ಟಡಕ್ಕೆ. ಮಂಡಿಪೇಟೆ ಅಂಗಡಿಯ ಲೈಸೆನ್ಸ್ ಇಟ್ಟುಕೊಂಡು ಕಲ್ಯಾಣ ಮಂಟಪದಲ್ಲಿ ಮಾತ್ರೆ ಮಾರೋ ಹಾಗಿಲ್ಲ.

ವೈದ್ಯಕೀಯ ಉಪಕರಣದ ವಿಷಯದಲ್ಲೂ ಹೀಗೇ. 2020ರ ಏಪ್ರಿಲ್ 1ರಿಂದ ಎಲ್ಲಾ ವೈದ್ಯಕೀಯ ಉಪಕರಣಗಳೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಬಿಪಿ ಮೆಷಿನ್, ಗ್ಲೂಕೋಮೀಟರ್, ಥರ್ಮಾಮೀಟರ್ ಎಲ್ಲಾ ಸೇರಿ. ಇವನ್ನು ಮಾರೋಕೆ ಔಷಧ ಲೈಸೆನ್ಸ್ ಇಲ್ಲದ ಅಂಗಡಿಗಳು ಎಂಡಿ-42 ಅನ್ನೋ ನೋಂದಣಿ ಪತ್ರ ಪಡೆಯಬೇಕು. ಅದೂ ಅಂಗಡಿಯ ವಿಳಾಸಕ್ಕೇ ಇರುತ್ತೆ. ಹಾಗಾಗಿ ಆರ್ಡರ್ ಪುಸ್ತಕ ಇಟ್ಟುಕೊಂಡು ಕೂತು, ಮಾರನೇ ದಿನ ಅಂಗಡಿಯಿಂದ ಬಿಲ್ ಮಾಡಿ ಕಳಿಸೋದೇ ಸರಿಯಾದ ದಾರಿ. ಏಪ್ರನ್, ಪುಸ್ತಕ, ಇನ್ವರ್ಟರ್, ಬಿಲ್ಲಿಂಗ್ ಸಾಫ್ಟ್‌ವೇರ್ ಇಂಥವುಗಳಿಗೆ ಈ ತೊಡಕಿಲ್ಲ.

ಸ್ಕ್ಯಾನಿಂಗ್ ಮೆಷಿನ್ ಡೀಲರ್‌ಗಳಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಪ್ರಕಾರ ನೋಂದಣಿ ಇಲ್ಲದ ಕೇಂದ್ರಕ್ಕೆ, ವ್ಯಕ್ತಿಗೆ ಅಲ್ಟ್ರಾಸೌಂಡ್ ಯಂತ್ರ ಮಾರೋದಷ್ಟೇ ಅಲ್ಲ, ಬಾಡಿಗೆಗೆ ಕೊಡೋದೂ ಅಪರಾಧ. ಪ್ರದರ್ಶನಕ್ಕೆ ಯಂತ್ರ ತರೋ ಮುಂಚೆ ಜಿಲ್ಲೆಯ ಸಕ್ಷಮ ಪ್ರಾಧಿಕಾರದ ಹತ್ರ ಲಿಖಿತವಾಗಿ ವಿಚಾರಿಸಿ, ಪತ್ರ ಇಟ್ಟುಕೊಂಡೇ ಸಾಗಿಸಿ.

ಆಯುರ್ವೇದ ಅಂಗಡಿಯವರು ಬ್ಯಾನರ್ ಬರೆಸುವಾಗ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನೆನಪಿಟ್ಟುಕೊಳ್ಳಬೇಕು. 'ಸಕ್ಕರೆ ಕಾಯಿಲೆ ಸಂಪೂರ್ಣ ಗುಣ' ಅನ್ನೋ ಥರದ ಸಾಲು ಸಾರ್ವಜನಿಕರಿಗೆ ಕಾಣೋ ಹಾಗೆ ಹಾಕಿದರೆ ಕೇಸು ಆಗುತ್ತೆ.

ವೈದ್ಯರಿಗೆ ಏನು ಕೊಡಬಹುದು, ಏನು ಕೊಡಬಾರದು?

ಇಲ್ಲೇ ಜಾಸ್ತಿ ಜನ ಎಡವೋದು. 2024ರ ಮಾರ್ಚ್ 12ರಂದು ಕೇಂದ್ರದ ಔಷಧ ಇಲಾಖೆ ಔಷಧ ಮಾರಾಟ ಪ್ರಚಾರದ ಏಕರೂಪ ಸಂಹಿತೆಯನ್ನು ಹೊಸದಾಗಿ ಹೊರಡಿಸಿತು. 2015ರಿಂದ ಇದ್ದ ಹಳೆಯದು ಸ್ವಯಂಪ್ರೇರಿತ ಆಗಿತ್ತು. ಅದೇ 2024ರ ಸೆಪ್ಟೆಂಬರ್‌ನಲ್ಲಿ ವೈದ್ಯಕೀಯ ಉಪಕರಣಗಳಿಗೂ ಪ್ರತ್ಯೇಕ ಸಂಹಿತೆ ಬಂತು.

ಇದು ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ್ದು, ನಮಗೇನು ಅನ್ನಬೇಡಿ. ಉಡುಗೊರೆ ನಿಷೇಧದ ಜಾಗದಲ್ಲಿ ಕಂಪನಿಯ ಜೊತೆಗೆ ಅದರ ಏಜೆಂಟ್ ಅಂತ ವಿತರಕರು, ಸಗಟು ವ್ಯಾಪಾರಿಗಳು, ಚಿಲ್ಲರೆ ಮಾರಾಟಗಾರರು ಎಲ್ಲರನ್ನೂ ಹೆಸರಿಸಿದ್ದಾರೆ. ಅಂದ್ರೆ ಚನ್ನಗಿರಿಯ ಸ್ಟಾಕಿಸ್ಟೂ ಬಂದರು, ಜಗಳೂರಿನ ಮೆಡಿಕಲ್ ಸ್ಟೋರೂ ಬಂತು.

ಮುಖ್ಯ ಅಂಶಗಳು ಇವು:

ವೈದ್ಯರಿಗಾಗಲಿ, ಅವರ ಮನೆಯವರಿಗಾಗಲಿ ವೈಯಕ್ತಿಕ ಉಪಯೋಗದ ಉಡುಗೊರೆ ಕೊಡೋ ಹಾಗಿಲ್ಲ.

ಸಮ್ಮೇಳನಕ್ಕೆ ಬರೋಕೆ ರೈಲು, ವಿಮಾನದ ಟಿಕೆಟ್, ಹೋಟೆಲ್ ರೂಮ್ ಕೊಡಿಸೋ ಹಾಗಿಲ್ಲ. ಅಲ್ಲಿ ಉಪನ್ಯಾಸ ಕೊಡೋಕೆ ಬರೋ ವೈದ್ಯರಿಗೆ ಮಾತ್ರ ವಿನಾಯಿತಿ.

ಪುಸ್ತಕ, ಕ್ಯಾಲೆಂಡರ್, ಡೈರಿಯಂಥ ಮಾಹಿತಿ ವಸ್ತುಗಳಿಗೆ ಅವಕಾಶ ಇದೆ. ಒಂದರ ಬೆಲೆ 1,000 ರೂಪಾಯಿ ಮೀರಬಾರದು, ವೈದ್ಯರ ವೃತ್ತಿಯಾಚೆಗೆ ಅದಕ್ಕೆ ಸ್ವತಂತ್ರ ಬೆಲೆ ಇರಬಾರದು.

ಉಚಿತ ಸ್ಯಾಂಪಲ್‌ಗೆ ಮಿತಿ ಇದೆ. ಒಬ್ಬ ವೈದ್ಯರಿಗೆ ಒಂದು ಔಷಧದ ಸ್ಯಾಂಪಲ್ ಪ್ಯಾಕ್ ವರ್ಷಕ್ಕೆ 12ಕ್ಕಿಂತ ಹೆಚ್ಚು ಕೊಡುವಂತಿಲ್ಲ.

ವಿದೇಶದಲ್ಲಿ ಇಂಥ ಸಮ್ಮೇಳನ ನಡೆಸೋದಕ್ಕೆ ಅವಕಾಶವಿಲ್ಲ. ಇಲ್ಲಿ ನಡೆಸಿದ್ದರ ಖರ್ಚಿನ ವಿವರವನ್ನು ಕಂಪನಿಗಳು ಬಹಿರಂಗಪಡಿಸಬೇಕು.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. 2024ರಲ್ಲಿ ಒಂದು ಬಹುರಾಷ್ಟ್ರೀಯ ಕಂಪನಿ 30 ವೈದ್ಯರನ್ನು ಮೊನಾಕೊ ಮತ್ತು ಪ್ಯಾರಿಸ್ ಸಮ್ಮೇಳನಕ್ಕೆ ಕಳಿಸಿತ್ತು. ಖರ್ಚು ಸುಮಾರು 1.91 ಕೋಟಿ. ವರ್ಷದ ಕೊನೆಗೆ ಔಷಧ ಇಲಾಖೆ ಆ ಕಂಪನಿಗೆ ಛೀಮಾರಿ ಹಾಕಿತು, ತೆರಿಗೆ ಲೆಕ್ಕ ನೋಡಿ ಅಂತ ನೇರ ತೆರಿಗೆ ಮಂಡಳಿಗೂ, ವೈದ್ಯರ ಮೇಲೆ ಕ್ರಮ ನೋಡಿ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೂ ತಿಳಿಸಿತು.

ವೈದ್ಯರಿಗೂ ಅವರದೇ ನಿಯಮ ಇದೆ. 2002ರ ನೀತಿ ಸಂಹಿತೆಗೆ 2009ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂದು ಔಷಧ ಮತ್ತು ಆರೋಗ್ಯ ಉದ್ಯಮದಿಂದ ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಪಡೆಯೋದು ತಪ್ಪು ಅಂತಾಯ್ತು. 2016ರಲ್ಲಿ ಶಿಕ್ಷೆಯನ್ನೂ ಬರೆದರು. ಉಡುಗೊರೆ 5,000 ರೂಪಾಯಿ ಒಳಗಿದ್ದರೆ ಛೀಮಾರಿ. ಮೊತ್ತ ಏರಿದ ಹಾಗೆ 3 ತಿಂಗಳು, 6 ತಿಂಗಳು, 1 ವರ್ಷ ಅಂತ ನೋಂದಣಿಯಿಂದ ಹೆಸರು ತೆಗೆಯಬಹುದು. 2023ರ ಆಗಸ್ಟ್ 2ರಂದು ಬಂದ ಹೊಸ ನಿಯಮವಂತೂ ಕಂಪನಿ ಪ್ರಾಯೋಜಿತ ಸಮ್ಮೇಳನಕ್ಕೆ ವೈದ್ಯರು ಹೋಗೋದನ್ನೇ ತಡೆಯೋ ಹಾಗಿತ್ತು. ವೈದ್ಯ ಸಂಘಗಳ ವಿರೋಧದ ನಡುವೆ ಅದೇ ತಿಂಗಳ 23ರಂದು ಅದನ್ನು ತಡೆಹಿಡಿದು 2002ರ ನಿಯಮವನ್ನೇ ಮುಂದುವರಿಸಿದರು.

ಹಾಗಾಗಿ ಸಂಘಟನಾ ಸಮಿತಿಗೆ, ರಸೀದಿ ಪಡೆದು, ಬ್ಯಾಂಕ್ ಮೂಲಕ ಸ್ಟಾಲ್ ಬಾಡಿಗೆ ಕಟ್ಟೋದು ಸರಿ. ಯಾವುದೋ ಒಬ್ಬ ವೈದ್ಯರ ನೋಂದಣಿ ಶುಲ್ಕ, ರೂಮ್ ಬಿಲ್, ಮನೆಯವರ ಸೀರೆ ಕಟ್ಟಿಕೊಡೋದು ಸರಿಯಲ್ಲ. ನೀವು ಕೊಟ್ಟ ಒಂದು ಉಡುಗೊರೆಯಿಂದ ಅವರ ನೋಂದಣಿಗೇ ಕುತ್ತು ಬರಬಹುದು ಅಂತ ಹೇಳಿದರೆ ಎಂಥವರಿಗೂ ಅರ್ಥ ಆಗುತ್ತೆ.

ಹಾಲಿನ ಪುಡಿ ವಿತರಕರು ದೂರ ಇರಿ

ಶಿಶು ಆಹಾರ, ಬಾಟಲಿ, ನಿಪ್ಪಲ್ ತಯಾರಕರು, ಸರಬರಾಜುದಾರರು, ವಿತರಕರು ವೈದ್ಯರಿಗಾಗಲಿ, ವೈದ್ಯರ ಸಂಘಗಳಿಗಾಗಲಿ ಸೆಮಿನಾರ್, ಸಮ್ಮೇಳನ, ಸ್ಪರ್ಧೆ, ಸಂಶೋಧನೆ ಯಾವುದಕ್ಕೂ ಹಣ ಕೊಡುವಂತಿಲ್ಲ. 1992ರ ಶಿಶು ಹಾಲು ಬದಲಿ ಆಹಾರ ಕಾಯ್ದೆ, 2003ರ ತಿದ್ದುಪಡಿ ಸೇರಿ, ಇದನ್ನು ನೇರವಾಗಿ ನಿಷೇಧಿಸಿದೆ. ಮಕ್ಕಳ ತಜ್ಞರ ಸಮ್ಮೇಳನದ ಬ್ರೋಷರ್ ನಿಮ್ಮ ಏಜೆನ್ಸಿಗೆ ಬಂದರೆ 'ಕಾಯ್ದೆ ಬಿಡಲ್ಲ' ಅಂತ ಹೇಳಿ ಕಳಿಸಿ. ತಾಯಿಯ ಎದೆಹಾಲಿನ ಜಾಗಕ್ಕೆ ಡಬ್ಬಿ ಬರಬಾರದು ಅನ್ನೋದು ಆ ಕಾಯ್ದೆಯ ಉದ್ದೇಶ.

ಔಷಧಕ್ಕೆ ಸಂಬಂಧ ಇಲ್ಲದ ಅಂಗಡಿಗಳು

ಕಾರ್ ಶೋರೂಮ್, ಸೈಟ್ ಮಾರೋರು, ಬ್ಯಾಂಕು, ಚಿನ್ನದ ಅಂಗಡಿ, ಸೀರೆ ಅಂಗಡಿ ಇವಕ್ಕೆಲ್ಲ ಮೇಲಿನ ಸಂಹಿತೆ ಅನ್ವಯ ಆಗಲ್ಲ. ಹಾಗಾಗಿ ಈಚೆಗೆ ಸಂಘಟಕರು ಇವರ ಕಡೆಗೂ ಬರ್ತಿದ್ದಾರೆ. ಆದ್ರೆ ಬಂದವರು ಎರಡು ದಿನಕ್ಕೆ ಹೊರಜಿಲ್ಲೆಯಿಂದ ಬಂದವರು ಅನ್ನೋದನ್ನು ಮರೆಯಬೇಡಿ. ಬೆಳಗಾವಿಯ ವೈದ್ಯರು ಇಲ್ಲಿ ಸೈಟ್ ನೋಡಲ್ಲ, ಕಾರೂ ಬುಕ್ ಮಾಡಲ್ಲ. ಸ್ಥಳೀಯ ವೈದ್ಯರೇ ಸೇರೋ ತಿಂಗಳ ಸಿಎಂಇಯಲ್ಲಿ ಒಂದು ಟೇಬಲ್ ಹಾಕೋದು ಇವರಿಗೆ ಎಷ್ಟೋ ಪಾಲು ಲಾಭ. ಖಾದಿ, ಕಸೂತಿ, ಊರಿನ ತಿಂಡಿ ಮಾರೋರ ಕಥೆ ಇದಕ್ಕೆ ಉಲ್ಟಾ. ಹೊರಗಿನಿಂದ ಬಂದವರು ಮನೆಗೆ ಏನಾದ್ರೂ ಒಯ್ಯಬೇಕು ಅಂತ ನೋಡ್ತಿರ್ತಾರೆ. ತಿಂಡಿ ಸ್ಟಾಲ್‌ಗೆ ಆಹಾರ ಸುರಕ್ಷತೆಯ ನೋಂದಣಿ ಪತ್ರ ಇಟ್ಟುಕೊಂಡಿರಿ.

ಜಿಎಸ್‌ಟಿ: ಸ್ಪಾನ್ಸರ್ ಪದದ ಒಳಗಿರೋ ಗುಂಡಿ

ಸ್ಟಾಲ್ ಬಾಡಿಗೆಗೂ, ಸ್ಪಾನ್ಸರ್‌ಶಿಪ್‌ಗೂ ಜಿಎಸ್‌ಟಿ ದರ ಶೇ. 18. ಆದ್ರೆ ಕಟ್ಟೋರು ಯಾರು ಅನ್ನೋದು ಬೇರೆ ಬೇರೆ.

ಸ್ಟಾಲ್ ಆದ್ರೆ ಸಂಘಟಕರೇ ಬಿಲ್‌ನಲ್ಲಿ ಹಾಕಿ, ವಸೂಲಿ ಮಾಡಿ, ಸರ್ಕಾರಕ್ಕೆ ಕಟ್ಟುತ್ತಾರೆ. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಅದನ್ನು ಇನ್‌ಪುಟ್ ಆಗಿ ತಗೋಬಹುದು. ಕಾಂಪೋಸಿಷನ್‌ನಲ್ಲಿದ್ದರೆ ಸಿಗಲ್ಲ, ಪೂರ್ತಿ ಖರ್ಚೇ.

ಸ್ಪಾನ್ಸರ್ ಆದ್ರೆ ಲೆಕ್ಕ ತಿರುಗುತ್ತೆ. ಕೊಡೋರು ಕಂಪನಿ ಅಥವಾ ಪಾಲುದಾರಿಕೆ ಫರ್ಮ್ ಆಗಿದ್ದು, ಸಂಘಟಕರು ಕಂಪನಿಯ ರೂಪದಲ್ಲಿ ಇಲ್ಲದಿದ್ದರೆ, ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆ ಕಟ್ಟಬೇಕಾದವರು ಸ್ಪಾನ್ಸರ್ ಮಾಡಿದವರೇ. 2025ರ ಜನವರಿ 16ರಿಂದ, ಸಂಘಟಕರೇ ಕಂಪನಿ ಆಗಿದ್ದರೆ ಅವರೇ ವಸೂಲಿ ಮಾಡ್ತಾರೆ. ವೈದ್ಯರ ಸಂಘಗಳು ಸಾಮಾನ್ಯವಾಗಿ ಸೊಸೈಟಿಗಳು. ಹಾಗಾಗಿ ಅಣ್ಣ-ತಮ್ಮ ಇಬ್ಬರ ಹೆಸರಲ್ಲಿ ಫರ್ಮ್ ಮಾಡಿಕೊಂಡು ಅಂಗಡಿ ನಡೆಸೋರು 1 ಲಕ್ಷದ ಸ್ಪಾನ್ಸರ್ ಆದ್ರೆ 18,000 ರೂಪಾಯಿ ತಾವೇ ಸರ್ಕಾರಕ್ಕೆ ಕಟ್ಟಬೇಕು. ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ಫರ್ಮ್ ಆದ್ರೆ ಇನ್ನೂ ಕಷ್ಟ. ರಿವರ್ಸ್ ಚಾರ್ಜ್ ಕಟ್ಟಬೇಕಾದವರಿಗೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯ. ಒಬ್ಬರೇ ಮಾಲೀಕರಿರೋ ಅಂಗಡಿಗೆ ಈ ರಿವರ್ಸ್ ಚಾರ್ಜ್ ಬರಲ್ಲ.

ಆದ್ದರಿಂದ ಚಿಕ್ಕ ಫರ್ಮ್‌ನವರು 'ಸಿಲ್ವರ್ ಸ್ಪಾನ್ಸರ್' ಅನ್ನೋ ಬಿರುದಿಗಿಂತ ನೇರವಾಗಿ ಒಂದು ಸ್ಟಾಲ್ ತಗೊಂಡು ಸ್ಟಾಲ್ ಬಾಡಿಗೆ ಅಂತಲೇ ಬಿಲ್ ಪಡೆಯೋದು ವಾಸಿ. ಸಹಿ ಹಾಕೋ ಮುಂಚೆ ನಿಮ್ಮ ಆಡಿಟರ್‌ಗೆ ಬ್ರೋಷರ್ ತೋರಿಸಿ.

ಇನ್ನೊಂದು ಮಾತು. ಉಡುಗೊರೆಯಾಗಿ, ಸ್ಯಾಂಪಲ್ ಆಗಿ ಪುಕ್ಕಟೆ ಹಂಚಿದ ಸಾಮಾನಿನ ಮೇಲೆ ಇನ್‌ಪುಟ್ ತೆರಿಗೆ ಸಿಗಲ್ಲ. ತಗೊಂಡಿದ್ದರೆ ವಾಪಸ್ ಕಟ್ಟಬೇಕು.

ಆದಾಯ ತೆರಿಗೆ ಏನನ್ನುತ್ತೆ?

ಸ್ಟಾಲ್ ಬಾಡಿಗೆ, ಜಾಹೀರಾತು ವ್ಯಾಪಾರದ ಖರ್ಚು. ಅದನ್ನು ಕಳೆಯಬಹುದು. ಆದ್ರೆ ವೈದ್ಯರಿಗೆ ಕೊಟ್ಟ ಉಡುಗೊರೆ, ಪ್ರವಾಸದ ಖರ್ಚನ್ನು ಕಳೆಯೋ ಹಾಗಿಲ್ಲ ಅಂತ ನೇರ ತೆರಿಗೆ ಮಂಡಳಿ 2012ರಲ್ಲೇ ಸುತ್ತೋಲೆ ಹೊರಡಿಸಿತ್ತು. ಚೆನ್ನೈನ ಒಂದು ಔಷಧ ಕಂಪನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2022ರ ಫೆಬ್ರವರಿ 22ರಂದು ಕೋರ್ಟ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಪಡೆಯೋರಿಗೆ ತಪ್ಪಾದದ್ದು ಕೊಡೋರಿಗೆ ಸರಿಯಾಗೋಕೆ ಸಾಧ್ಯ ಇಲ್ಲ ಅನ್ನೋದು ತೀರ್ಪಿನ ಸಾರ. ಇಂಥ ಖರ್ಚು ಕೊನೆಗೆ ಔಷಧದ ಬೆಲೆಯಲ್ಲೇ ಸೇರಿ ರೋಗಿಯ ತಲೆ ಮೇಲೆ ಬೀಳುತ್ತೆ ಅಂತಲೂ ಕೋರ್ಟ್ ಗಮನಿಸಿತು. ಅದೇ ವರ್ಷದ ಬಜೆಟ್‌ನಲ್ಲಿ ಕಾಯ್ದೆಗೂ ಈ ವಿವರಣೆ ಸೇರಿತು.

2022ರ ಜುಲೈ 1ರಿಂದ ಇನ್ನೊಂದು ನಿಯಮ ಇದೆ. ವ್ಯಾಪಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಸೌಲಭ್ಯ, ಉಡುಗೊರೆ ಕೊಟ್ಟರೆ ಶೇ. 10 ಟಿಡಿಎಸ್ ಹಿಡಿಯಬೇಕು. ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟದ ಒಬ್ಬರೇ ಮಾಲೀಕರ ಅಂಗಡಿಗೆ ಟಿಡಿಎಸ್ ಹಿಡಿಯೋ ಜವಾಬ್ದಾರಿ ಇಲ್ಲ.

ನಗದು ಬೇಡ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನೇ ಒಪ್ಪಲ್ಲ. ದೇಣಿಗೆ ಆದ್ರೆ 2,000 ದಾಟಿದ ನಗದಿಗೆ ರಿಯಾಯಿತಿ ಸಿಗಲ್ಲ.

ಒಂದು ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ ಸ್ಟಾಲ್ ಬಾಡಿಗೆ 30,000 ಅಂತ ಇಟ್ಟುಕೊಳ್ಳಿ. ಜಿಎಸ್‌ಟಿ 5,400. ಹಿಂದಿನ ಪರದೆ ಪ್ರಿಂಟ್ 4,000, ಕರಪತ್ರ 3,000, ಸಾಗಣೆ 2,000, ಇಬ್ಬರು ಹುಡುಗರ ಎರಡು ದಿನದ ಭತ್ಯೆ 4,000. ಒಟ್ಟು 48,400. ಇನ್‌ಪುಟ್ ಸಿಗೋರಿಗೆ 43,000.

ನಿಮಗೆ ಮಾರಾಟದಲ್ಲಿ ಶೇ. 15 ಉಳಿಯುತ್ತೆ ಅಂದ್ರೆ, ಬರೀ ಹಾಕಿದ ಹಣ ವಾಪಸ್ ಬರೋಕೆ ಸುಮಾರು 2.87 ಲಕ್ಷದ ಹೊಸ ವ್ಯಾಪಾರ ಆಗಬೇಕು. ಕಾಂಪೋಸಿಷನ್‌ನವರಿಗೆ ಸುಮಾರು 3.23 ಲಕ್ಷ. ಈಗಾಗಲೇ ನಿಮ್ಮ ಹತ್ರವೇ ಕೊಳ್ಳುತ್ತಿರೋ ಆಸ್ಪತ್ರೆಯ ಆರ್ಡರನ್ನು ಇದರಲ್ಲಿ ಸೇರಿಸಬೇಡಿ. ಹೊಸ ಗಿರಾಕಿ ಮಾತ್ರ ಲೆಕ್ಕಕ್ಕೆ.

ಹಾಸಿಗೆ, ಓಟಿ ಲೈಟು, ಆಟೋಕ್ಲೇವ್ ಮಾರೋರಿಗೆ ಎರಡು ಆರ್ಡರ್ ಬಂದರೂ ಈ ಮೊತ್ತ ಮುಟ್ಟಬಹುದು. ಗ್ಲೌಸ್, ಸಿರಿಂಜ್ ಮಾರೋರು ಅಲ್ಲಿ ಸಿಕ್ಕ ಹೆಸರು, ನಂಬರ್ ಹಿಡಿದು ಆಮೇಲೆ ತಿಂಗಳುಗಟ್ಟಲೆ ಓಡಾಡಬೇಕು. ಸಮ್ಮೇಳನ ಮುಗಿದ ವಾರದೊಳಗೆ ಫೋನ್ ಮಾಡದಿದ್ದರೆ ಆ ಪಟ್ಟಿ ರದ್ದಿಗೆ ಸಮ.

ಖರ್ಚು ಕಡಿಮೆ ಮಾಡೋ ದಾರಿಗಳೂ ಇವೆ. ನೀವು ಯಾವ ಕಂಪನಿಯ ಡೀಲರೋ ಆ ಕಂಪನಿಗೆ ಅರ್ಧ ಖರ್ಚು ಕೊಡಿ ಅಂತ ಬರೆಯಿರಿ. ಸ್ಪರ್ಧೆ ಇಲ್ಲದ ಇಬ್ಬರು ಅಂಗಡಿಯವರು ಸಂಘಟಕರ ಒಪ್ಪಿಗೆ ಪಡೆದು ಒಂದೇ ಸ್ಟಾಲ್ ಹಂಚಿಕೊಳ್ಳಬಹುದು.

ಸ್ಟಾಲ್ ಹಾಕದೆಯೂ ವ್ಯಾಪಾರ ಇದೆ

ಸಮ್ಮೇಳನದಿಂದ ಊರಿಗೆ ಬರೋ ಹಣದಲ್ಲಿ ದೊಡ್ಡ ಪಾಲು ಸ್ಟಾಲ್ ಹೊರಗೇ ಇದೆ. ಅಡುಗೆ, ಶಾಮಿಯಾನ, ಜನರೇಟರ್, ಸೌಂಡು, ಪ್ರಿಂಟಿಂಗ್, ಹೂವು, ಟ್ಯಾಕ್ಸಿ, ಲಾಡ್ಜು. ಬೆಣ್ಣೆದೋಸೆ, ಮಂಡಕ್ಕಿ-ಮೆಣಸಿನಕಾಯಿ ಕೌಂಟರ್ ಇಟ್ಟರೆ ಹೊರಗಿನ ವೈದ್ಯರು ಸಾಲು ನಿಲ್ತಾರೆ. ಬೆಂಗಳೂರಿನ ಈವೆಂಟ್ ಕಂಪನಿಗೆ ಗುತ್ತಿಗೆ ಹೋಗೋ ಮುಂಚೆಯೇ ಸಂಘಟನಾ ಕಾರ್ಯದರ್ಶಿಯನ್ನು ಭೇಟಿ ಮಾಡಿ ದರ ಕೊಡಬೇಕು. ಆರು ತಿಂಗಳು ಮೊದಲೇ ಹೋದರೆ ಒಳ್ಳೇದು.

ಇವರ ದೊಡ್ಡ ತಲೆನೋವು ಬಾಕಿ ಬಿಲ್. ಸಮ್ಮೇಳನ ಮುಗಿದ ಮೇಲೆ ಸಮಿತಿಯೇ ಕರಗಿ ಹೋಗುತ್ತೆ, ಯಾರನ್ನು ಕೇಳೋದು ಅಂತ ಗೊತ್ತಾಗಲ್ಲ. ಬಾಯಿಮಾತಿನ ಆರ್ಡರ್ ತಗೋಬೇಡಿ. ಸಂಘದ ಲೆಟರ್‌ಹೆಡ್ ಮೇಲೆ ವರ್ಕ್ ಆರ್ಡರ್, ಅರ್ಧ ಮುಂಗಡ, ಉಳಿದದ್ದಕ್ಕೆ ದಿನಾಂಕ ಬರೆಸಿಕೊಳ್ಳಿ. ಅಡುಗೆ, ಪ್ರಿಂಟಿಂಗ್, ಶಾಮಿಯಾನದಂಥ ಸೇವೆ ಕೊಡೋರು ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇದೆ. ಒಪ್ಪಂದ ಇದ್ದರೂ 45 ದಿನ ಮೀರಿ ಬಾಕಿ ಇಡುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬರೀ ಕೊಂಡು ಮಾರೋ ಅಂಗಡಿಗಳಿಗೆ ಈ ಬಡ್ಡಿಯ ರಕ್ಷಣೆ ಇಲ್ಲ.

ಫ್ಲೆಕ್ಸ್ ಬೇಡ, ಬಟ್ಟೆ ಇರಲಿ

ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್, ತಟ್ಟೆ, ಲೋಟ, ಚಮಚವನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಪಿ.ಬಿ. ರಸ್ತೆ ಉದ್ದಕ್ಕೂ ಸ್ವಾಗತ ಫ್ಲೆಕ್ಸ್ ಕಟ್ಟಿಸಿದರೆ ಪಾಲಿಕೆಯವರು ಬಿಚ್ಚಿಸಿ ದಂಡ ಹಾಕಬಹುದು. ಬಟ್ಟೆ ಬ್ಯಾನರ್ ಬರೆಸಿ, ಕಟ್ಟೋ ಮುಂಚೆ ಅನುಮತಿ ತಗೊಳ್ಳಿ. ಬ್ರೋಷರ್‌ನಲ್ಲಿ 'ನಗರದಲ್ಲಿ 50 ಕಡೆ ಫ್ಲೆಕ್ಸ್ ಪ್ರಚಾರ' ಅಂತ ಸೌಲಭ್ಯ ತೋರಿಸಿದ್ದರೆ ಅದರ ಬದಲು ಬೇರೆ ಏನು ಕೊಡ್ತೀರಿ ಅಂತ ಕೇಳಿ.

ರೋಗಿಗೆ ಇದರಿಂದ ಏನು?

ಅಂಗಡಿಯವರಲ್ಲದ ಓದುಗರೂ ಇದನ್ನು ತಿಳಿದಿರಬೇಕು. ಸಮ್ಮೇಳನ ನಡೆದರೆ ಊರಿನ ವೈದ್ಯರು ಹೊಸದನ್ನು ಕಲಿಯುತ್ತಾರೆ, ಆ ಲಾಭ ನಮಗೇ. ಸ್ಟಾಲ್‌ನಲ್ಲಿ ಹೊಸ ಯಂತ್ರ ನೋಡಿದ ನ್ಯಾಮತಿಯ ಸಣ್ಣ ನರ್ಸಿಂಗ್ ಹೋಮ್‌ನವರು ಅದನ್ನು ತರಿಸಿದರೆ ಅಲ್ಲಿನ ಬಾಣಂತಿ ದಾವಣಗೆರೆಗೆ ಓಡಿ ಬರೋದು ತಪ್ಪಬಹುದು. ಅದೇ ಸಮ್ಮೇಳನದ ಹೆಸರಲ್ಲಿ ವೈಯಕ್ತಿಕ ಉಡುಗೊರೆ ಹರಿದರೆ ಆ ಖರ್ಚು ಸುತ್ತಿ ಬಳಸಿ ಮಾತ್ರೆ ಚೀಟಿಗೆ ಬರುತ್ತೆ. ಸ್ಟಾಲ್‌ಗೂ ಉಡುಗೊರೆಗೂ ನಡುವೆ ಕಾಯ್ದೆ ಗೆರೆ ಎಳೆದಿರೋದು ಇದಕ್ಕೇ.

ಸಹಿ ಹಾಕೋ ಮುಂಚೆ ಈ 8 ಪ್ರಶ್ನೆ

1. ಸಂಘಟಕರು ಯಾವ ಸಂಘ, ಕ್ರೆಡಿಟ್ ಅವರ್ ಸಿಕ್ಕಿದೆಯಾ?

2. ಈವರೆಗೆ ಶುಲ್ಕ ಕಟ್ಟಿದ ಪ್ರತಿನಿಧಿಗಳು ಎಷ್ಟು?

3. ನನ್ನ ಸ್ಟಾಲ್ ನಂಬರ್ ಯಾವುದು, ಊಟದ ದಾರಿಯಲ್ಲಿದೆಯಾ?

4. ಹಣ ಯಾವ ಹೆಸರಿನ ಖಾತೆಗೆ, ಬಿಲ್‌ನಲ್ಲಿ ಸ್ಟಾಲ್ ಅಂತ ಇರುತ್ತಾ, ಸ್ಪಾನ್ಸರ್ ಅಂತ ಇರುತ್ತಾ?

5. ಜಿಎಸ್‌ಟಿ ಕಟ್ಟೋರು ಅವರಾ, ನಾನಾ?

6. ರದ್ದಾದರೆ ಹಣ ವಾಪಸ್ ಬರೋದು ಬರವಣಿಗೆಯಲ್ಲಿ ಇದೆಯಾ?

7. ನಾನು ತೋರಿಸೋ, ಹಂಚೋ ಸಾಮಾನಿಗೆ ಯಾವ ಲೈಸೆನ್ಸ್, ಯಾವ ಮಿತಿ ಇದೆ?

8. ಹಾಕಿದ ಹಣ ವಾಪಸ್ ಬರೋಕೆ ಎಷ್ಟು ಹೊಸ ವ್ಯಾಪಾರ ಆಗಬೇಕು?

ಎಂಟಕ್ಕೂ ಉತ್ತರ ಸಿಕ್ಕರೆ ಧೈರ್ಯವಾಗಿ ಸ್ಟಾಲ್ ಹಾಕಿ. ನಾಲ್ಕು, ಐದು, ಆರನೇ ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲಿ ಸಿಗೋವರೆಗೆ ಚೆಕ್ ಪುಸ್ತಕ ಗಲ್ಲಾಪೆಟ್ಟಿಗೆಯಲ್ಲೇ ಇರಲಿ.